ವರ್ಷಕ್ಕೊಂದೇ ಉಬ್ಬರದ ನೀರು

ನಾನು ಜರ್ಮನಿಯ ಹ್ಯಾಂಬರ್ಗಿನಲ್ಲಿ ಲಾಜಿಸ್ಟಿಕ್ಸ್ ಓದುತ್ತಿದ್ದೇನೆ. ಕಳೆದ ಅಕ್ಟೋಬರಿನ ಒಂದು ಭಾನುವಾರ ಇಬ್ಬರು ಗೆಳೆಯರ ಜೊತೆ ಎಲ್ಬೆ ನದಿಯ ದಡ ಸುತ್ತಿದೆ. ನನ್ನೂರು ಹಾಸನದ ಕಡೆ ಹೇಮಾವತಿ ಹೊಳೆ ನೋಡುತ್ತಾ ಕಳೆದ ಮೂರು ದಿನಗಳ ಕಥೆ ಹೇಳುವ ಮೊದಲು ಆ ಒಂದು ದಿನದ ಕಥೆ ಹೇಳಲೇಬೇಕು.

ಅಕ್ಟೋಬರಿನ ಒಂದು ಭಾನುವಾರ, ಹ್ಯಾಂಬರ್ಗ್

ನಮ್ಮ ಮೂವರಲ್ಲಿ ಒಬ್ಬಳು ಅದೇ ಊರಿನವಳು. ಇನ್ನೊಬ್ಬ ಘಾನಾ ದೇಶದವನು, ಅವನ ಅಪ್ಪನಿಗೆ ಕೋಕೋ ತೋಟವಿದೆ. ಕತ್ತಲಿರುವಾಗಲೇ ಎದ್ದು ಮೀನು ಸಂತೆಗೆ ಹೋದೆವು. 1703ರಿಂದ ನಡೆಯುತ್ತಿರುವ ಸಂತೆ ಅದು. ಬೆಳಗ್ಗೆ ಒಂಬತ್ತೂವರೆಗೆಲ್ಲ ಮುಗಿದುಹೋಗುತ್ತದೆ. ಮೀನಿನ ಜೊತೆಗೆ ಹಣ್ಣಿನ ಬುಟ್ಟಿ, ಹೂವಿನ ಕುಂಡ ಎಲ್ಲವನ್ನೂ ಕೂಗಿ ಕೂಗಿ ಮಾರುತ್ತಾರೆ. ಕಣ್ಣು ಮುಚ್ಚಿದರೆ ನಮ್ಮ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಿಂತ ಹಾಗಿತ್ತು.

ಅಲ್ಲಿಂದ ದೋಣಿಗಟ್ಟೆಗೆ ನಡೆದೆವು. ಆ ಕಟ್ಟೆ ನೀರಿನ ಮೇಲೆ ತೇಲುತ್ತದೆ. ಸಮುದ್ರ ನೂರು ಕಿಲೋಮೀಟರಿಗೂ ಆಚೆ ಇದೆ. ಆದರೂ ಅದರ ಉಬ್ಬರ ಇಳಿತ ನದಿಯೊಳಗೆ ಅಷ್ಟು ದೂರ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಮೂರು ಮೀಟರಿಗೂ ಜಾಸ್ತಿ ಏರುತ್ತದೆ, ಮತ್ತೆ ಇಳಿಯುತ್ತದೆ. ಬೆಳಗ್ಗೆ ದಡದಿಂದ ಕಟ್ಟೆಗೆ ಹೋಗುವ ಸೇತುವೆ ಕಡಿದಾಗಿ ಕೆಳಗಿಳಿದಿತ್ತು. ಮಧ್ಯಾಹ್ನ ವಾಪಸ್ ಬಂದಾಗ ಅದೇ ಸೇತುವೆ ಹೆಚ್ಚುಕಮ್ಮಿ ಸಮತಟ್ಟಾಗಿತ್ತು. ಅಷ್ಟು ಹೊತ್ತಿನಲ್ಲಿ ಇಡೀ ನದಿ ಮೇಲೆದ್ದಿತ್ತು.

ನದಿಯ ಕೆಳಗೂ ನಡೆದೆವು. 1911ರಲ್ಲಿ ತೆರೆದ ಹಳೆಯ ಸುರಂಗ ಅದು. ಸುಮಾರು 24 ಮೀಟರ್ ಆಳ, 426 ಮೀಟರ್ ಉದ್ದ. ಗೋಡೆಯ ಹೊಳೆಯುವ ಹಂಚುಗಳ ಮೇಲೆ ಅಲ್ಲಲ್ಲಿ ಮೀನಿನ ಉಬ್ಬುಚಿತ್ರಗಳಿವೆ. ತಲೆಯ ಮೇಲೆ ಹಡಗು ಹೋಗುತ್ತಿರುತ್ತದೆ, ಕೆಳಗೆ ನಾವು ಮಾತಾಡಿಕೊಂಡು ನಡೆಯುತ್ತಿರುತ್ತೇವೆ.

ಕೊನೆಗೆ ಹಳೆಯ ಗೋದಾಮುಗಳ ಬೀದಿಗೆ ಬಂದೆವು. ಅದಕ್ಕೆ ಶ್ಪೈಶರ್‌ಶ್ಟಾಟ್ ಅಂತ ಹೆಸರು, ಅಂದರೆ ಗೋದಾಮುಗಳ ಊರು. ಕಾಲುವೆಯ ಎರಡೂ ಕಡೆ ಏಳೆಂಟು ಅಂತಸ್ತಿನ ಕೆಂಪು ಇಟ್ಟಿಗೆಯ ಕಟ್ಟಡಗಳು. ಮಣ್ಣಿನೊಳಗೆ ಸಾವಿರಾರು ಮರದ ಕಂಬ ಇಳಿಸಿ, ಅದರ ಮೇಲೆ ಇವನ್ನು ನಿಲ್ಲಿಸಿದ್ದಾರೆ. ಕಾಫಿ, ಟೀ, ಕೋಕೋ, ಮೆಣಸು ಎಲ್ಲವೂ ಇಲ್ಲಿಗೇ ಬಂದು ಬೀಳುತ್ತಿತ್ತು. ನಾನು ಕಾಫಿ ಎಲ್ಲಿ ಇಡ್ತಿದ್ರು ಅಂತ ಕೇಳಿದೆ, ಘಾನಾದ ಗೆಳೆಯ ಕೋಕೋ ಎಲ್ಲಿ ಅಂತ ಕೇಳಿದ. ಹ್ಯಾಂಬರ್ಗಿನ ಗೆಳತಿ ಎರಡಕ್ಕೂ ಉತ್ತರ ಹೇಳಿದಳು. ಆಮೇಲೆ ನಾವು ಕೇಳದ ಒಂದು ವಿಷಯವನ್ನೂ ಹೇಳಿದಳು. 1883ರಲ್ಲಿ ಈ ಕೆಲಸ ಶುರುವಾದಾಗ ಇಲ್ಲಿ ಮನೆಗಳಿದ್ದವಂತೆ. ಸುಮಾರು ಇಪ್ಪತ್ತು ಸಾವಿರ ಜನ ಬಿಟ್ಟು ಹೋಗಬೇಕಾಯಿತಂತೆ.

"ನಿಮ್ಮೂರ ಹೊಳೆ ಯಾವುದು? ಅದರ ದಡದಲ್ಲಿ ಯಾರಿದ್ದರು?" ಅಂತ ಕೇಳಿದಳು.

"ಹೇಮಾವತಿ. ಡ್ಯಾಮ್ ಇದೆ" ಅಂದೆ. ಅಲ್ಲಿಗೆ ನನ್ನ ಮಾತು ಮುಗಿಯಿತು. ಹದಿನೆಂಟು ವರ್ಷ ಆ ನೀರು ಕುಡಿದು ಬೆಳೆದವಳು ನಾನು. ಪರಸ್ಥಳದ ನದಿಯ ಬಗ್ಗೆ ಒಂದೇ ದಿನದಲ್ಲಿ ಇಷ್ಟು ತಿಳಿದುಕೊಂಡೆ. ನನ್ನ ಹೊಳೆಯ ಬಗ್ಗೆ ಎರಡು ಮಾತು ಬಿಟ್ಟು ಏನೂ ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮಾರ್ಚಿನ ರಜೆಗೆ ಊರಿಗೆ ಹೋದಾಗ ಮೂರು ದಿನ ಹೊಳೆಗೇ ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೊದಲ ದಿನ: ಸಕಲೇಶಪುರ

ಮಾರ್ಚ್ ಮೊದಲ ವಾರ. ಬೆಳಗ್ಗೆ ಹೊರಡುವಾಗ ಅಜ್ಜಿ ಬಾಗಿಲಿಗೆ ಬಂದರು. "ಹೊಳೇಲಿ ನೀರು ಎಷ್ಟಿದೆ ನೋಡ್ಕೊಂಡು ಬಾ ಮಗ" ಅಂದರು. ಅಜ್ಜಿ ಪ್ರತಿ ಬೇಸಿಗೆಯಲ್ಲೂ ಇದನ್ನೇ ಕೇಳುತ್ತಾರೆ. ಡ್ಯಾಮ್ ಇರುವ ಗೊರೂರಿನ ಕಡೆಯಿಂದ ಯಾರು ಬಂದರೂ ಮೊದಲ ಮಾತು ಇದೇ. ಮಳೆ ಬೆಳೆಯ ಚಿಂತೆ ಇರಬೇಕು ಅಂದುಕೊಂಡಿದ್ದೆ.

ಸಕಲೇಶಪುರದ ಗೆಳತಿ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ನಾವಿಬ್ಬರೂ ಪಿಯುಸಿಯಲ್ಲಿ ಒಂದೇ ಬೆಂಚು. ಮೂರನೆಯವನು ಹಾಸನದಲ್ಲೇ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಗೆಳೆಯ, ನನ್ನ ಜೊತೆ ಬಸ್ಸಿನಲ್ಲಿ ಬಂದಿದ್ದ. ಸೀದಾ ಸಕಲೇಶ್ವರ ದೇವಸ್ಥಾನಕ್ಕೆ ಹೋದೆವು. ಹೊಯ್ಸಳರ ಕಾಲದ್ದು, ಹೊಳೆಯ ಪಕ್ಕದಲ್ಲೇ ಇದೆ. ಊರಿಗೆ ಹೆಸರು ಬಂದಿದ್ದೂ ಈ ದೇವರಿಂದಲೇ. ದರ್ಶನ ಮಾಡಿ ನೀರಿನ ಹತ್ತಿರ ಇಳಿದೆವು.

ಮಳೆಗಾಲದಲ್ಲಿ ಇಲ್ಲಿ ಕೆಂಪು ನೀರು ದಡ ಕೊರೆಯುತ್ತಾ ಹೋಗುತ್ತದೆ. ಈಗ ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಬಿದ್ದಿದ್ದವು. ಮಧ್ಯದಲ್ಲಿ ನೀರು ಸಣ್ಣಗೆ, ತಿಳಿಯಾಗಿ ಹರಿಯುತ್ತಿತ್ತು. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿದ ಹೊಳೆ ಇದು. ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹತ್ತಿರ ಕಾವೇರಿಗೆ ಸೇರುತ್ತದೆ. ಚಪ್ಪಲಿ ಬಿಚ್ಚಿ ಕಾಲು ಇಳಿಬಿಟ್ಟು ಕೂತೆವು. ಸಣ್ಣ ಮೀನುಗಳು ಬಂದು ಕಾಲು ಕಚ್ಚತೊಡಗಿದವು. ಎಲ್ಬೆಯ ದಡದಲ್ಲಿ ಎಲ್ಲವೂ ಕಲ್ಲು, ಕಬ್ಬಿಣ. ನೀರು ಮುಟ್ಟಬೇಕು ಅಂತ ಅಲ್ಲಿ ನನಗೆ ಒಂದು ಸಲವೂ ಅನ್ನಿಸಿರಲಿಲ್ಲ.

ಮಧ್ಯಾಹ್ನ ಗೆಳತಿಯ ಮನೆ. ತೋಟದ ಗೇಟು ದಾಟುವ ಮೊದಲೇ ವಾಸನೆ ಬಂತು. ರೋಬಸ್ಟಾ ಕಾಫಿ ಹೂ ಬಿಟ್ಟಿತ್ತು. ಗಿಡದ ರೆಂಬೆರೆಂಬೆಯ ಮೇಲೂ ಬಿಳಿ ಹೂ, ಮಲ್ಲಿಗೆಯಂಥದ್ದೇ ವಾಸನೆ. ತೋಟದ ತುಂಬ ಜೇನುನೊಣದ ಸದ್ದು. ಈ ಹೂ ಇರುವುದು ಮೂರು ನಾಲ್ಕು ದಿನ ಮಾತ್ರ. ನನ್ನ ಅದೃಷ್ಟ, ಸರಿಯಾದ ದಿನಕ್ಕೆ ಬಂದಿದ್ದೆ.

ಗೆಳತಿಯ ಅಪ್ಪ ಜೊತೆಗೆ ಬಂದು ತೋಟ ತೋರಿಸಿದರು. "ಮೊದಲೆಲ್ಲ ಹೂ ಮಳೆ ಕಾಯ್ತಿದ್ವಿ ಕಣಮ್ಮ. ಈಗ ನೆಚ್ಚಿಕೊಂಡು ಕೂರೋಕಾಗಲ್ಲ" ಅಂದರು. ರೋಬಸ್ಟಾ ಗಿಡಕ್ಕೆ ಹೊತ್ತಿಗೆ ಸರಿಯಾಗಿ ನೀರು ಸಿಗದಿದ್ದರೆ ಮೊಗ್ಗು ಕರಟಿಹೋಗುತ್ತದೆ. ಅದಕ್ಕೆ ಕೆರೆಯಿಂದ ಮೋಟರ್ ಇಟ್ಟು ಸ್ಪ್ರಿಂಕ್ಲರ್ ಹೊಡೆಸುತ್ತಾರೆ. ನೀರು ಬಿದ್ದ ಎಂಟೊಂಬತ್ತು ದಿನಕ್ಕೆ ಹೂ ಅರಳುತ್ತದೆ. ಆಮೇಲೆ ಕಾಯಿ ಕಚ್ಚಿ ನಿಲ್ಲುವುದಕ್ಕೆ ಇನ್ನೊಂದು ಸಲ ನೀರು ಕೊಡಬೇಕು. ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಒಂದು ಕೆರೆಯ ನೀರನ್ನು ಯಾವ ದಿನ ಯಾವ ಕಡೆಗೆ ಬಿಡಬೇಕು ಅನ್ನುವುದರ ಮೇಲೆ ಅವರ ಇಡೀ ವರ್ಷ ನಿಂತಿದೆ.

ಕಣದಲ್ಲಿ ಒಣಗಿದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣನ್ನು, ಚೀಲಕ್ಕೆ ತುಂಬುತ್ತಿದ್ದರು. ಇಲ್ಲಿಂದ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸಿಗೆ, ಅಲ್ಲಿಂದ ಘಾಟಿ ಇಳಿದು ಮಂಗಳೂರು ಬಂದರಿಗೆ, ಅಲ್ಲಿಂದ ಹಡಗಿಗೆ. ನಮ್ಮ ದೇಶದ ಕಾಫಿ ಜಾಸ್ತಿ ಹೋಗುವ ದೇಶಗಳಲ್ಲಿ ಇಟಲಿ, ಜರ್ಮನಿ ಮುಂಚೂಣಿಯಲ್ಲಿವೆ. ಕ್ಲಾಸಿನಲ್ಲಿ ಇದನ್ನು ನಕ್ಷೆಯ ಮೇಲಿನ ಒಂದು ಗೆರೆಯಾಗಿ ನೋಡಿದ್ದೆ. ಆ ಗೆರೆಯ ಈ ತುದಿಯಲ್ಲಿ ಈಗ ನಿಂತಿದ್ದೆ. ಒಂದು ಹಿಡಿ ಚೆರಿ ಕೈಗೆತ್ತಿಕೊಂಡು ಅಲ್ಲಾಡಿಸಿದೆ. ಒಳಗೆ ಬೀಜ ಗಲಗಲ ಅಂದಿತು.

ಊಟಕ್ಕೆ ಕಡುಬು, ಕೋಳಿ ಸಾರು. ಸಂಜೆಯ ಬಸ್ಸಿಗೆ ಹಾಸನಕ್ಕೆ ವಾಪಸ್. ಗೆಳತಿಯೂ ನಮ್ಮ ಜೊತೆ ಹೊರಟಳು. "ನೀರು ಬಂಡೆ ನಡುವೆ ಸಣ್ಣಗೆ ಹರೀತಿದೆ ಅಜ್ಜಿ" ಅಂದೆ. "ಹಾಗಾದ್ರೆ ಕೆಳಗೂ ಇಳಿದಿರುತ್ತೆ" ಅಂತ ಅಜ್ಜಿ ಸುಮ್ಮನಾದರು.

ಎರಡನೇ ದಿನ: ಶೆಟ್ಟಿಹಳ್ಳಿ

ಬಿಸಿಲು ಏರುವ ಮೊದಲೇ ಎರಡು ಗಾಡಿಯಲ್ಲಿ ಹೊರಟೆವು. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ, ಮೊಸರನ್ನ, ಎರಡು ಬಾಟಲಿ ನೀರು.

ಶೆಟ್ಟಿಹಳ್ಳಿಯ ಚರ್ಚನ್ನು ಫೋಟೋದಲ್ಲಿ ಎಲ್ಲರೂ ನೋಡಿರುತ್ತಾರೆ. 1860ರ ಹೊತ್ತಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟು ಆದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಕಮಾನುಗಳು ನೀರಿನಲ್ಲಿ ತೇಲುವ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಒಳಗೇ ನಡೆದುಹೋಗಬಹುದು. ಚಾವಣಿ ಎಂದೋ ಹೋಗಿದೆ. ಉಳಿದಿರುವುದು ಇಟ್ಟಿಗೆ ಗೋಡೆ, ಕಮಾನು, ಮೇಲೆ ಆಕಾಶ.

ಒಳಗೆ ಹೋದಾಗ ಎಂಟು ಗಂಟೆ ಇರಬಹುದು. ಎಳೆ ಬಿಸಿಲು ಒಂದು ಕಡೆಯ ಕಮಾನುಗಳಿಂದ ಬಂದು ಎದುರು ಗೋಡೆಯ ಮೇಲೆ ಬಿದ್ದಿತ್ತು. ಗೋಡೆಯಲ್ಲಿ ನೀರಿನ ಗುರುತುಗಳಿದ್ದವು. ಒಂದರ ಮೇಲೊಂದು ಮಾಸಲು ಗೆರೆ, ಒಂದೊಂದು ವರ್ಷ ನೀರು ನಿಂತ ಎತ್ತರ ಅದು. ಎಲ್ಬೆಗೆ ದಿನಕ್ಕೆ ಎರಡು ಉಬ್ಬರ. ನಮ್ಮ ಹಿನ್ನೀರಿಗೆ ವರ್ಷಕ್ಕೆ ಒಂದೇ. ಮುಂಗಾರಿಗೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಪ್ರತಿ ಸಲ ಇಳಿಯುವಾಗಲೂ ಗೋಡೆಯ ಗಾರೆ ಒಂದಿಷ್ಟು ತೊಳೆದುಹೋಗುತ್ತದೆ. ಕೆಳಗಿನ ಇಟ್ಟಿಗೆಗಳು ಮುಟ್ಟಿದರೆ ಪುಡಿಯಾಗುವಷ್ಟು ಸಡಿಲವಾಗಿದ್ದವು. ಅಂಥ ಗೋಡೆಯ ಮೇಲೂ ಕಲ್ಲಿನಿಂದ ಹೆಸರು ಕೆತ್ತಿದ್ದಾರೆ. ಅದನ್ನು ನೋಡಿ ಸಂಕಟವಾಯಿತು. ದಯವಿಟ್ಟು ಅಲ್ಲಿಗೆ ಹೋಗುವವರು ಗೋಡೆ ಹತ್ತಬೇಡಿ, ಏನನ್ನೂ ಕೆತ್ತಬೇಡಿ. ಅದು ಇನ್ನೆಷ್ಟು ಮಳೆಗಾಲ ತಡೆಯಬೇಕೋ. ನಮ್ಮ ಚೀಲ ತುಂಬುವಷ್ಟು ಪ್ಲಾಸ್ಟಿಕ್ ಬಾಟಲಿ ಹೆಕ್ಕಿದೆವು. ಇನ್ನೂ ಉಳಿದಿದ್ದವು.

ಚರ್ಚ್ ದಾಟಿ ನೀರಿನ ಕಡೆಗೆ ನಡೆದೆವು. ಮಳೆಗಾಲದಲ್ಲಿ ಹಿನ್ನೀರಿನ ತಳವಾಗಿದ್ದ ಜಾಗ ಈಗ ಹುಲ್ಲುಗಾವಲು. ಅಲ್ಲಲ್ಲಿ ಬಿರುಕು ಬಿಟ್ಟ ಮಣ್ಣು, ಒಣಗಿದ ಕಪ್ಪೆಚಿಪ್ಪು. ದನ ಮೇಯುತ್ತಿದ್ದವು. ಕಾಯುತ್ತಿದ್ದ ತಾತ ಒಬ್ಬರು ನಮ್ಮನ್ನು ನೋಡಿ ಹತ್ತಿರ ಬಂದರು.

"ಯಾವೂರವ್ವ ನಿಮ್ದು?"

"ಹಾಸನ ತಾತ."

"ನೋಡೋಕೆ ಬಂದ್ರಾ? ಎಲ್ರೂ ಚರ್ಚ್ ನೋಡ್ಕೊಂಡು ಹೋಗ್ತಾರೆ." ಕೋಲಿನಿಂದ ನನ್ನ ಕಾಲಿನ ಹತ್ತಿರ ತೋರಿಸಿದರು. "ಈಗ ನೀನು ನಿಂತಿದ್ದೀಯಲ್ಲ, ಅದು ಗಾಡಿ ದಾರಿ ಕಣವ್ವ."

ಕೆಳಗೆ ನೋಡಿದೆ. ಹುಲ್ಲು ಬಿಟ್ಟು ನನಗೇನೂ ಕಾಣಲಿಲ್ಲ. ತಾತ ಮುಂದೆ ನಡೆದರು. ನಾವು ಹಿಂದೆ. ಹತ್ತು ಹೆಜ್ಜೆಗೆ ನಿಂತು "ಇಲ್ಲಿಂದ ಮನೆಗಳು" ಅಂದರು. ಕೋಲಿನಿಂದ ಕೆರೆದಾಗ ಹೆಂಚಿನ ಚೂರು ಸಿಕ್ಕಿತು. ಇನ್ನೊಂದು ಕಡೆ ಕಲ್ಲು ಸಾಲಾಗಿ ಕೂತಿದ್ದವು, ಯಾರದೋ ಮನೆಯ ಪಾಯ. ಊರು ಬಿಡುವಾಗ ಅವರಿಗೆ ಹದಿನೈದು ವರ್ಷವಂತೆ.

"ಬಾಗ್ಲು, ತೊಲೆ, ಹೆಂಚು ಎಲ್ಲಾ ಬಿಚ್ಕೊಂಡು ಗಾಡಿಗೆ ಹೇರ್ಕೊಂಡ್ವಿ. ಬಾವಿ ತಗೊಂಡು ಹೋಗೋಕಾಗುತ್ತಾ? ನಮ್ಮವ್ವ ಹೊರಡೋ ದಿನ ಬಾವಿಗೆ ಅರಿಶಿನ ಕುಂಕುಮ ಹಾಕಿ ಬಂದ್ಲು."

ಗೆಳೆಯ ಪರಿಹಾರ ಸಿಕ್ತಾ ಅಂತ ಕೇಳಿದ. "ಸಿಕ್ತು. ದುಡ್ಡು ಕೊಟ್ರು, ಬೇರೆ ಕಡೆ ಜಾಗಾನೂ ಕೊಟ್ರು. ಅಲ್ಲಿ ಮಣ್ಣು ಬೇರೆ, ನೀರಿಲ್ಲ. ಇಲ್ಲಿ ಎರಡು ಬೆಳೆ ಬೆಳೀತಿದ್ವಿ" ಅಂದರು. ಅದರಲ್ಲಿ ದೂರು ಇರಲಿಲ್ಲ. ಲೆಕ್ಕ ಒಪ್ಪಿಸಿದ ಹಾಗಿತ್ತು. ಆಮೇಲೆ ದನಗಳ ಕಡೆ ತಿರುಗಿ, "ನೀರು ಇಳಿದಾಗೆಲ್ಲ ಹೊಡ್ಕೊಂಡು ಬರ್ತೀನಿ. ನಮ್ಮ ಹೊಲದಲ್ಲೇ ಮೇಯ್ತವೆ" ಅಂದರು.

ಚಿತ್ರಾನ್ನವನ್ನು ತಾತನ ಜೊತೆ ಹಂಚಿಕೊಂಡು ತಿಂದೆವು. ನನಗೆ ಹ್ಯಾಂಬರ್ಗಿನ ಆ ಇಪ್ಪತ್ತು ಸಾವಿರ ಜನ ನೆನಪಾದರು. ಅವರು ಹೋಗಿ 140 ವರ್ಷ ಆಗಿದೆ. ಅವರಲ್ಲಿ ಯಾರನ್ನೂ ಈಗ ಕೇಳುವುದಕ್ಕಾಗುವುದಿಲ್ಲ. ನಮ್ಮ ಹೊಳೆಯ ಜನ ಇನ್ನೂ ಇದ್ದಾರೆ. ಕೋಲು ಹಿಡಿದು, ಇದು ದಾರಿ, ಇದು ಬಾವಿ ಅಂತ ತೋರಿಸುತ್ತಾರೆ.

ರಾತ್ರಿ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿದ್ದರು. ಗಾಡಿ ದಾರಿಯ ವಿಷಯ ಹೇಳಿದೆ. ಬಾವಿಯ ವಿಷಯವನ್ನೂ ಹೇಳಿದೆ. ಮೊರದ ಮೇಲೆ ಅವರ ಕೈ ನಿಂತಿತು.

"ನಮ್ಮೂರಲ್ಲಿ ಬಸವಣ್ಣನ ಗುಡಿ ಕಟ್ಟೆ ಇತ್ತು. ನೀರು ತುಂಬಾ ಇಳಿದ ವರ್ಷ ಅದು ಕಾಣುತ್ತೆ ಅಂತಾರೆ" ಅಂದರು.

ಅಜ್ಜಿಯ ತವರು ಮುಳುಗಡೆಯಾದ ಊರು ಅಂತ ಚಿಕ್ಕಂದಿನಿಂದ ಕೇಳಿದ್ದೆ. ಮುಳುಗಡೆ ಅನ್ನುವುದು ನಮ್ಮ ಕಡೆ ಸಾಮಾನ್ಯ ಪದ, ಆಫೀಸಿನ ಪದ. ಅದರೊಳಗೆ ಬಾವಿ, ಕಟ್ಟೆ, ಗಾಡಿ ದಾರಿ ಇರುತ್ತವೆ ಅಂತ ನನಗೆ ಹೊಳೆದಿರಲೇ ಇಲ್ಲ. ಹೊಳೆಯಲ್ಲಿ ನೀರು ಎಷ್ಟಿದೆ ಅಂತ ಅವರು ಯಾಕೆ ಕೇಳುತ್ತಿದ್ದರು ಅನ್ನುವುದು ಆಗ ಅರ್ಥವಾಯಿತು.

"ನಾಳೆ ನೀವೂ ಬನ್ನಿ ಅಜ್ಜಿ" ಅಂದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. "ಎಷ್ಟು ಗಂಟೆಗೆ?" ಅಂತ ಕೇಳಿದರು.

ಮೂರನೇ ದಿನ: ಗೊರೂರು

ಚಿಕ್ಕಪ್ಪ ಕಾರು ತಂದರು. ಅಜ್ಜಿ ಮುಂದಿನ ಸೀಟು, ನಾವು ಮೂವರು ಹಿಂದೆ. ಅಜ್ಜಿ ಮದುವೆಗೆ ಉಡುವಂಥ ಸೀರೆ ಉಟ್ಟಿದ್ದರು. ಯಾರೂ ಏನೂ ಕೇಳಲಿಲ್ಲ.

ಗೊರೂರಿನಲ್ಲಿ ಹೊಳೆಯ ದಡದ ಯೋಗಾನರಸಿಂಹ ಸ್ವಾಮಿ ದೇವಸ್ಥಾನಕ್ಕೆ ಮೊದಲು ಹೋದೆವು. ಅಲ್ಲಿಂದ ಅಣೆಕಟ್ಟಿನ ಕಡೆಗೆ. ಬೇಲೂರಿನಿಂದ ಬರುವ ಯಗಚಿಯೂ ಹೇಮಾವತಿಗೆ ಸೇರುವುದು ಈ ಕಡೆಯೇ. ಸಿವಿಲ್ ಗೆಳೆಯ ಇಡೀ ದಾರಿ ಲೆಕ್ಕ ಹೇಳಿದ. 1979ರಲ್ಲಿ ಮುಗಿದದ್ದು. ಉದ್ದ 4,692 ಮೀಟರ್. ಪೂರ್ತಿ ತುಂಬಿದರೆ ನೀರಿನ ಮಟ್ಟ 2,922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಕಾಲುವೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಿಗೆ ನೀರು ಒಯ್ಯುತ್ತವೆ. ತುಮಕೂರಿನ ಕಡೆಗೆ ಹೋಗುವ ನೀರು ಬಾಗೂರು-ನವಿಲೆಯ ಸುರಂಗ ಹೊಕ್ಕು ಆಚೆ ಬರುತ್ತದೆ. ಎಲ್ಬೆಯ ಕೆಳಗೆ ಮನುಷ್ಯರು ನಡೆಯುವ ಸುರಂಗ ನೋಡಿ ಬಂದವಳು ನಾನು. ಗುಡ್ಡದ ಕೆಳಗೆ ನಮ್ಮ ಹೊಳೆಯೇ ನಡೆಯುವ ಸುರಂಗ ಇಷ್ಟು ಹತ್ತಿರ ಇದೆ ಅಂತ ಇವತ್ತು ಗೊತ್ತಾಯಿತು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ತುಮಕೂರಿಗೆ ಹೋಗುತ್ತಾ? ಕುಡಿಯೋಕಾ?" ಅಂತ ಕೇಳಿದರು. "ಕುಡಿಯೋಕೂ ಹೌದು, ಬೆಳೆಗೂ ಹೌದು" ಅಂದ ಗೆಳೆಯ. "ಒಳ್ಳೇದಾಯ್ತು" ಅಂದರು.

ಈ ನೀರು ಜನರನ್ನು ಎಲ್ಲೆಲ್ಲಿಗೋ ಕಳಿಸಿದೆ. ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಗೊರೂರಿನವರು. ಅವರ ಮನೆತನದ ಜಮೀನೂ ಇದರಲ್ಲಿ ಮುಳುಗಿತು. ಬದಲಿಗೆ ಸಿಕ್ಕ ಬರಡು ನೆಲದಲ್ಲಿ ಅವರು ಡೇರೆ ಹಾಕಿಕೊಂಡು ಕೃಷಿ ಶುರು ಮಾಡಿದ್ದರು. ಚಿಕ್ಕಪ್ಪ ಇದನ್ನು ಹೇಳಿದಾಗ ಅಜ್ಜಿ, "ನಮ್ಮಣ್ಣನೂ ಅಂಥದೇ ನೆಲಕ್ಕೆ ಹೋದ. ಆರು ವರ್ಷ ಕಲ್ಲು ಆರಿಸಿದ" ಅಂದರು. ಆ ಅಣ್ಣನನ್ನು ನಾನು ನೋಡಿಲ್ಲ.

ಆಮೇಲೆ ಚಿಕ್ಕಪ್ಪ ಹಿನ್ನೀರಿನ ದಡದ ಮಣ್ಣು ರಸ್ತೆಗೆ ಕಾರು ಇಳಿಸಿದರು. ಕಾರು ಹೋಗುವಷ್ಟು ದೂರ ಹೋಗಿ, ಆಮೇಲೆ ನಡೆದೆವು. ಗೆಳತಿ ಒಂದು ಕೈ ಹಿಡಿದಳು, ನಾನು ಇನ್ನೊಂದು ಕೈ. ನೀರು ಕಣ್ಣು ಹಾಯುವವರೆಗೂ ಹರಡಿತ್ತು. ಗಾಳಿಗೆ ಸಣ್ಣ ಅಲೆ ಏಳುತ್ತಿತ್ತು. ಬೆಳ್ಳಕ್ಕಿಗಳು ಅಂಚಿನಲ್ಲಿ ನಿಂತಿದ್ದವು.

ಬಸವಣ್ಣನ ಕಟ್ಟೆ ಕಾಣಲಿಲ್ಲ. ಈ ವರ್ಷ ನೀರು ಅಷ್ಟು ಇಳಿದಿರಲಿಲ್ಲ.

ಅಜ್ಜಿ ತುಂಬಾ ಹೊತ್ತು ಆಚೆ ದಡದ ಗುಡ್ಡವನ್ನೇ ನೋಡಿದರು. ಆಮೇಲೆ ಅದನ್ನು ಗುರುತಾಗಿ ಇಟ್ಟುಕೊಂಡು ನೀರಿನೊಳಗಿನ ಊರನ್ನು ಕೈಯಲ್ಲೇ ಕಟ್ಟತೊಡಗಿದರು. "ಆ ಗುಡ್ಡದ ನೇರಕ್ಕೆ ಬಂದ್ರೆ ಗುಡಿ. ಗುಡಿಯಿಂದ ಈಚೆಗೆ ನಮ್ಮ ಬೀದಿ. ಬೀದಿ ಮುಗಿದ ಮೇಲೆ ಗದ್ದೆ." ಗದ್ದೆಗಳಿಗೆಲ್ಲ ಹೆಸರಿತ್ತಂತೆ. ಒಂದೊಂದಾಗಿ ಹೇಳಿದರು. ನಾನು ಫೋನ್ ತೆಗೆದು ಬರೆದುಕೊಂಡೆ. ಬಾವಿ ಗದ್ದೆ. ದೊಡ್ಡ ತೆವರಿ. ಗುಡಿ ಹಿಂದ್ಲು. ಅಕ್ಕನ ಗದ್ದೆ. ಕಲ್ಲು ಕಟ್ಟೆ. ಹೊಂಗೆ ಮರದ ಹಳ್ಳ. ಏಳನೆಯದಕ್ಕೆ ನಿಂತರು. "ಇನ್ನೊಂದಿತ್ತು. ಅಪ್ಪ ಅಲ್ಲೇ ನಾಟಿ ಶುರು ಮಾಡ್ತಿದ್ದ" ಅಂದರು. ನೆನಪಾಗಲಿಲ್ಲ. ನೀರಿನ ಅಂಚಿನಲ್ಲಿ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು.

ಮರದ ನೆರಳಲ್ಲಿ ಮೊಸರನ್ನ ತಿಂದೆವು. ಅಜ್ಜಿ ನೀರಿನ ಕಡೆಗೇ ಮುಖ ಮಾಡಿ ಕೂತಿದ್ದರು. ನಾನು ಆ ನೀರಿನ ಫೋಟೋ ತೆಗೆದು ಹ್ಯಾಂಬರ್ಗಿನ ಗೆಳತಿಗೆ ಕಳಿಸಿದೆ. ಕೆಳಗೆ ಆರು ಗದ್ದೆಗಳ ಹೆಸರು ಬರೆದೆ. ನೀನು ಅವತ್ತು ಕೇಳಿದ್ದಕ್ಕೆ ಉತ್ತರ ಇಲ್ಲಿಂದ ಶುರು, ಉಳಿದದ್ದನ್ನು ಬಂದು ಹೇಳುತ್ತೇನೆ ಅಂತ ಬರೆದೆ.

ರಾತ್ರಿ ದೀಪ ಆರಿಸಿ ಮಲಗಿದ್ದೆ. ಪಕ್ಕದ ಕೋಣೆಯಿಂದ ಅಜ್ಜಿ ಕೂಗಿದರು.

"ಮಗ, ಹುಣಸೆ ಮರದ ಗದ್ದೆ. ಬರ್ಕೋ."